ಎಡಗಡೆ ಕನ್ನಡಿ ಬಿಚ್ಚುವ ಸುಬ್ಬಪ್ಪ

ಸೋಮವಾರ ಬೆಳಿಗ್ಗೆ ಐದೂವರೆ. ಸಾಗರ ಪೇಟೆಯ ಅಂಚಿನಲ್ಲಿರುವ ಗೋದಾಮಿನ ಅಂಗಳದಲ್ಲಿ ಹದಿನಾಲ್ಕು ಡೆಲಿವರಿ ಗಾಡಿಗಳು ಸಾಲಾಗಿ ನಿಂತಿವೆ. ಸೋಪು, ಬಿಸ್ಕತ್ತು, ಮಿಕ್ಸಿ, ಮೊಬೈಲು, ಯಾರದೋ ಮದುವೆಯ ಸೀರೆ, ಎಲ್ಲ ಒಳಗೆ ಸೇರಿ ಬಾಗಿಲು ಹಾಕಿಯಾಗಿದೆ. ಇನ್ನು ಅರ್ಧ ಗಂಟೆಯಲ್ಲಿ ಕೆಲವು ಹೊಸನಗರದ ದಾರಿ ಹಿಡಿಯಬೇಕು, ಕೆಲವು ತೀರ್ಥಹಳ್ಳಿಯ ಕಡೆ ಹೋಗಬೇಕು, ಇನ್ನೆರಡು ಗಾಡಿ ಹೊಳೆಬಾಗಿಲಿನ ಸೇತುವೆ ದಾಟಿ ಬ್ಯಾಕೋಡು, ನಿಟ್ಟೂರು ಮುಟ್ಟಬೇಕು. ಇಬ್ಬನಿಗೆ ಗಾಜುಗಳೆಲ್ಲ ಮಸುಕಾಗಿವೆ. ಚಾಲಕರು ಚಹಾದ ಲೋಟ ಹಿಡಿದು ಆಕಳಿಸುತ್ತಿದ್ದಾರೆ.

ಅಷ್ಟು ಹೊತ್ತಿಗೆ ಗೇಟಿನ ಕಡೆಯಿಂದ ಒಬ್ಬರು ಕುರ್ಚಿ ಹೊತ್ತುಕೊಂಡು ಬರುತ್ತಾರೆ. ಅರವತ್ತೊಂದು ವರ್ಷದ ಸುಬ್ಬಪ್ಪ. ತೆಳ್ಳಗಿನ ಆಳು, ಮಾಸಿದ ಖಾಕಿ ಅಂಗಿ, ಹೆಗಲ ಮೇಲೆ ನಾಲ್ಕು ಬಣ್ಣದ ನಾಲ್ಕು ಟವೆಲ್ಲು. ಕುರ್ಚಿಯ ಕಾಲುಗಳನ್ನು ಗರಗಸದಿಂದ ಅರ್ಧಕ್ಕೆ ಕೊಯ್ದಿದ್ದಾರೆ. ದೊಡ್ಡವರು ಅದರಲ್ಲಿ ಕೂತರೆ ಮೊಣಕಾಲು ಎದೆಗೆ ಬರಬೇಕು, ಅಷ್ಟು ಗಿಡ್ಡ. ಅದನ್ನು ಕೊನೆಯ ಗಾಡಿಯ ಎಡಗಡೆ, ಮುಂದಿನ ಚಕ್ರದ ಪಕ್ಕ ಇಟ್ಟು, ಮೇಲೊಂದು ಟವೆಲ್ಲು ಹೊದಿಸಿ, ಸುತ್ತು ಹಾಕಿ ಬಲಗಡೆಯ ಕಿಟಕಿಗೆ ಬರುತ್ತಾರೆ. ಆ ಗಾಡಿ ಈ ಗೋದಾಮಿಗೆ ಬಂದದ್ದು ಹಿಂದಿನ ದಿನ ಸಂಜೆ. ಅದರ ಚಾಲಕ ಶ್ಯಾಮನಿಗೆ ಇಲ್ಲಿಯ ರಿವಾಜು ಇನ್ನೂ ಗೊತ್ತಿಲ್ಲ.

“ಹತ್ತು ಮಾರಾಯ. ಕೂತ್ಕಂಡು ಸುತ್ತ ನೋಡು. ಎಂತ ಕಾಣ್ತು?”

ಶ್ಯಾಮ ಕತ್ತು ಉದ್ದ ಮಾಡಿ ಮುಂದೆ ನೋಡುತ್ತಾನೆ, ಎಡಕ್ಕೆ ನೋಡುತ್ತಾನೆ. “ಎಂತದೂ ಇಲ್ಲ.”

“ಸರಿ ನೋಡಿದ್ಯಾ?”

“ಎಂತದೂ ಇಲ್ಲ ಅಂದ್ನಲ್ಲ. ಬಿಡ್ಲಾ ಗಾಡಿ?”

“ಬಿಡ್ಬೇಡ. ಇಳಿದು ಈ ಕಡೆ ಬಾ.”

ಇಳಿದು ಬಂದ ಶ್ಯಾಮ ಚಕ್ರಕ್ಕೆ ಗೇಣು ದೂರದಲ್ಲಿದ್ದ ಕುರ್ಚಿ ನೋಡುತ್ತಾನೆ. ಕೆಂಪು ಟವೆಲ್ಲು, ಎದ್ದು ಕಾಣುವ ಬಣ್ಣ. ಅದರ ಮೇಲ್ಗಡೆ ಗಾಡಿಯ ಬಾಗಿಲಿಗೆ ಅಂಟಿಕೊಂಡಂತೆ ಎಡಗಡೆಯ ಕನ್ನಡಿ ಮಡಚಿಕೊಂಡಿದೆ. ಇದನ್ನು ಯಾರು ಮಡಚಿದ್ದು ಎಂದು ಸುಬ್ಬಪ್ಪ ಕೇಳುತ್ತಾರೆ. “ನಾನಲ್ಲ ಅಣ್ಣ, ಗಾಡಿ ಬಂದಾಗಿಂದ ಹಂಗೇ ಇತ್ತು” ಎನ್ನುತ್ತಾನೆ ಶ್ಯಾಮ.

“ಅದೇ ನೋಡು. ಯಾವಾಗ ಕೇಳಿದ್ರೂ ಯಾರೂ ಅಲ್ಲ” ಎನ್ನುತ್ತ ಸುಬ್ಬಪ್ಪ ಚೀಲದಿಂದ ಸ್ಪ್ಯಾನರ್ ತೆಗೆಯುತ್ತಾರೆ. ಬಯ್ಯುವ ದನಿಯಲ್ಲ ಅದು. ಅವರಿಗೆ ಬಯ್ಯಲು ಬರುವುದೇ ಇಲ್ಲ ಎಂದು ಇಲ್ಲಿಯ ಚಾಲಕರೆಲ್ಲ ಹೇಳುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಹಳೆಯ ಕೀಲು ಕಳಚಿ ಕನ್ನಡಿ ಹಿಡಿಯುವ ಹೊಸ ಕೈ ಕೂರುತ್ತದೆ. ಅದರಲ್ಲಿ ಉದ್ದನೆಯ ಕನ್ನಡಿಯೊಂದು, ಅದರ ತಲೆಯ ಮೇಲೆ ಅಂಗೈಯಗಲದ ಉಬ್ಬು ಕನ್ನಡಿಯೊಂದು. ಈ ಉಬ್ಬಿನದನ್ನು ಚಾಲಕರು ಗುಂಡು ಕನ್ನಡಿ ಎನ್ನುತ್ತಾರೆ. ಉದ್ದ ಕನ್ನಡಿಯಲ್ಲಿ ಕುರ್ಚಿಯ ಬೆನ್ನಷ್ಟೇ ಕಂಡರೆ, ಗುಂಡು ಕನ್ನಡಿಯಲ್ಲಿ ಕುರ್ಚಿ, ಚಕ್ರ, ಚಕ್ರದ ಬುಡದ ಮಣ್ಣು ಎಲ್ಲ ಕಾಣುತ್ತದೆ.

“ಈಗ?”

“ಟವೆಲ್ಲು. ಕೆಂಪು.”

“ಹೋಗ್ಬಾ. ನಿಧಾನಕ್ಕೆ ಹೋಗು.”

ನಿಂತ ಮನುಷ್ಯ ಹೇಗೋ ಕಣ್ಣಿಗೆ ಬಿದ್ದಾನು, ಬಗ್ಗಿದವರು ಬೀಳುವುದಿಲ್ಲ, ಅದಕ್ಕೇ ಕುರ್ಚಿಯ ಕಾಲು ಕೊಯ್ದದ್ದು ಎಂದು ಸುಬ್ಬಪ್ಪ ಹೇಳುತ್ತಾರೆ. ಅಷ್ಟು ಹೇಳಿ ಪಕ್ಕದ ಗಾಡಿಗೆ ಹೋಗುತ್ತಾರೆ. ಕನ್ನಡಿ ಹಾಕಿಸಿಕೊಂಡ ಗಾಡಿಗಳಿಗೂ ದಿನಾ ಪರೀಕ್ಷೆ ತಪ್ಪಿದ್ದಲ್ಲ. ಟವೆಲ್ಲಿನ ಬಣ್ಣ ಮಾತ್ರ ಬದಲು, ಬಾಯಿಪಾಠ ಒಪ್ಪಿಸುವ ಹಾಗಿಲ್ಲ.

ಸುಬ್ಬಪ್ಪನವರ ಊರು ಬ್ಯಾಕೋಡಿನ ಹತ್ತಿರದ ಒಂದು ಹಳ್ಳಿ. ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಭೂಮಿ ಸ್ವಂತದ್ದಾದ ಮೇಲೆ ಮೂವರು ಅಣ್ಣತಮ್ಮಂದಿರಿಗೆ ಹಂಚಿ ಉಳಿದದ್ದು ಮುಕ್ಕಾಲು ಎಕರೆ. ಗದ್ದೆ ಅಣ್ಣನಿಗೆ ಬಿಟ್ಟು ಸುಬ್ಬಪ್ಪ ಸ್ಟಿಯರಿಂಗ್ ಹಿಡಿದರು. ಸಾಗರದಿಂದ ಕಿರಾಣಿ ಸಾಮಾನು ತುಂಬಿಕೊಂಡು, ವಾಹನಗಳನ್ನೂ ಹೊತ್ತೊಯ್ಯುವ ಲಾಂಚಿನಲ್ಲಿ ಹಿನ್ನೀರು ದಾಟಿ, ಆಚೆಯ ಅಂಗಡಿಗಳಿಗೆ ಇಳಿಸುವ ಗಾಡಿ. ಇಪ್ಪತ್ತೊಂದು ವರ್ಷ ಓಡಿಸಿದರು. ಒಂದು ಕೋಳಿಯೂ ಚಕ್ರಕ್ಕೆ ಸಿಕ್ಕಿರಲಿಲ್ಲ ಎಂದು ಅವರ ಹೆಂಡತಿ ಮೀನಾಕ್ಷಮ್ಮ ಹೇಳುತ್ತಾರೆ. ಸುಬ್ಬಪ್ಪ ಆ ಮಾತನ್ನು ತಾವಾಗಿ ಎತ್ತುವುದಿಲ್ಲ.

ಲಾಂಚಿನಲ್ಲಿ ಓಡಾಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಬಸ್ಸು, ಕಾರು, ಗಾಡಿ, ಬೈಕು ಎಲ್ಲವನ್ನೂ ಒಂದಕ್ಕೊಂದು ಒತ್ತಿ ನಿಲ್ಲಿಸಿ, ಉಳಿದ ಸಂದಿಯಲ್ಲಿ ಜನ ನಿಲ್ಲಬೇಕು. ಹತ್ತಿದ ಕೂಡಲೇ “ಕನ್ನಡಿ ಮಡಚಿ, ಕನ್ನಡಿ ಮಡಚಿ” ಎಂದು ಕೂಗು ಏಳುತ್ತಿತ್ತು. ಬಲಗಡೆಯದನ್ನು ಚಾಲಕ ಕಿಟಕಿಯಿಂದ ಕೈಹಾಕಿ ಮಡಚುತ್ತಿದ್ದ, ದಡ ಸೇರಿದಾಗ ಅದೇ ಕೈಯಲ್ಲಿ ಬಿಚ್ಚುತ್ತಿದ್ದ. ಎಡಗಡೆಯದಕ್ಕೆ ಅವನ ಕೈ ಎಟುಕದು. ಪಕ್ಕದಲ್ಲಿ ನಿಂತವರು ಯಾರೋ ಮಡಚಿಕೊಡುತ್ತಿದ್ದರು, ದಡ ಬಂದದ್ದೇ ತಡ ಬಸ್ಸಿನ ಸೀಟಿಗೆ ಓಡುತ್ತಿದ್ದರು.

“ಮಡಚೋಕೆ ಎಲ್ರೂ ಇದ್ರು. ಬಿಚ್ಚೋದು ಯಾರ ಕೆಲಸಾನೂ ಆಗಿರ್ಲಿಲ್ಲ. ನನ್ನ ಕೆಲಸ ಅಂತ ನಾನೂ ತಿಳ್ಕಂಡಿರ್ಲಿಲ್ಲ” ಎನ್ನುತ್ತಾರೆ ಸುಬ್ಬಪ್ಪ.

ಹದಿನಾರು ವರ್ಷದ ಹಿಂದಿನ ಒಂದು ಮಂಗಳವಾರ. ಆಚೆ ದಡದಲ್ಲಿ ಲಾಂಚ್ ಇಳಿದು ಏರು ಹತ್ತುವಾಗ ಎದುರಿಗೊಂದು ಬಸ್ಸು ಬಂತು. ದಾರಿ ಬಿಡಲು ಸುಬ್ಬಪ್ಪ ಗಾಡಿಯನ್ನು ಎಡಕ್ಕೆ ತಂದರು, ಮೆಲ್ಲಗೇ ತಂದರು. ರಸ್ತೆಯಂಚಿನಲ್ಲಿ ಅಂಗನವಾಡಿಯ ಟೀಚರ್ ಶರಾವತಿ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದರು. ಕೂಗು ಕೇಳಿದಾಗ ಅದು ಯಾವ ಕಡೆಯಿಂದ ಬಂತೆಂದೇ ಸುಬ್ಬಪ್ಪನವರಿಗೆ ಗೊತ್ತಾಗಲಿಲ್ಲ. ಇಳಿದು ನೋಡಿದರೆ ಎಡಗಡೆಯ ಕನ್ನಡಿ ಮಡಚಿಕೊಂಡಿತ್ತು. ಶರಾವತಿಯವರನ್ನು ಅವರೇ ಎತ್ತಿಕೊಂಡು ಲಾಂಚಿಗೆ ಓಡಿದರು. ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆಗ ಟೀಚರಿಗೆ ಮೂವತ್ತನಾಲ್ಕು ವರ್ಷ.

“ಕನ್ನಡಿ ಬಿಚ್ಚಿದ್ರೂ ಪೂರ್ತಿ ಕಾಣ್ತಿದ್ರೋ ಇಲ್ವೋ. ಆದ್ರೆ ಬಿಚ್ಚಿರ್ಲಿಲ್ಲ. ಅಷ್ಟು ಸಾಕಲ್ಲ” ಎನ್ನುತ್ತಾರೆ. ಕೋರ್ಟಿನಲ್ಲಿ ಶರಾವತಿಯವರು ಸಾಕ್ಷಿ ಹೇಳುವಾಗ ಗಾಡಿ ಜೋರಾಗಿ ಬರಲಿಲ್ಲ, ನಿಧಾನಕ್ಕೇ ಬಂತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಮಾತು ಸುಬ್ಬಪ್ಪನವರನ್ನು ಇವತ್ತಿಗೂ ಬಿಟ್ಟಿಲ್ಲ. “ಬಯ್ದಿದ್ರೆ ಆರಾಮಿತ್ತು” ಎನ್ನುತ್ತಾರೆ. ಕೇಸು ಮುಗಿದು ಲೈಸೆನ್ಸು ಕೈಗೆ ಬಂದರೂ ಅವರು ಮತ್ತೆ ಗಾಡಿ ಹತ್ತಲಿಲ್ಲ. ಸ್ಕೂಟರನ್ನೂ ಮುಟ್ಟಿಲ್ಲ.

ಅದೇ ಏರಿನ ಪಕ್ಕ ಗಂಡ ಹೆಂಡತಿ ಒಂದು ಚಹಾದಂಗಡಿ ಹಾಕಿದರು. ಮೀನಾಕ್ಷಮ್ಮ ಚಹಾ ಕಾಸಿದರೆ ಸುಬ್ಬಪ್ಪ ಲಾಂಚಿಗೆ ಕಾಯುತ್ತಿದ್ದರು. ಲಾಂಚ್ ದಡಕ್ಕೆ ತಾಗಿದ ಕೂಡಲೇ ಇಳಿಯುವ ಒಂದೊಂದು ವಾಹನದ ಎಡಗಡೆಗೂ ಹೋಗಿ ಕನ್ನಡಿ ಬಿಚ್ಚುವುದು, ಅಂಗಿಯ ತುದಿಯಿಂದ ಒರೆಸುವುದು, ಬಾಗಿಲು ತಟ್ಟಿ ಹೋಗಿ ಎನ್ನುವುದು. ದಿನಕ್ಕೆ ನೂರಕ್ಕೆ ಕಮ್ಮಿಯಿಲ್ಲ. ಜಾತ್ರೆಯ ದಿನ, ರಜಾದಿನ ಇನ್ನೂರು ದಾಟುತ್ತಿತ್ತು. ಸಿಗಂದೂರಿಗೆ ಬಂದ ಎಷ್ಟೋ ಯಾತ್ರಿಕರು ಅವರನ್ನು ಲಾಂಚಿನ ಸಿಬ್ಬಂದಿ ಎಂದುಕೊಂಡರು, ಕೆಲವರು ಭಿಕ್ಷೆಯವರೆಂದು ತಿಳಿದು ಚಿಲ್ಲರೆ ಚಾಚಿದರು. ತೆಗೆದುಕೊಳ್ಳದಿದ್ದರೆ ಹುಚ್ಚು ಎಂದೂ ಅಂದುಕೊಂಡಿರಬೇಕು.

ತಿಂಗಳಿಗೊಮ್ಮೆ ಅದೇ ಲಾಂಚಿನಿಂದ ಶರಾವತಿಯವರೂ ಇಳಿಯುತ್ತಿದ್ದರು. ಕೃತಕ ಕಾಲು ಹಾಕಿಸಿಕೊಂಡು ಅವರು ಕೆಲಸಕ್ಕೆ ಮರಳಿದ್ದರು, ಸಾಗರದಲ್ಲಿ ಮೀಟಿಂಗ್ ಮುಗಿಸಿ ಬರುವಾಗ ಊರುಗೋಲು ಹಿಡಿದು ಏರು ಹತ್ತುತ್ತಿದ್ದರು. ಆ ಹೊತ್ತಿಗೆ ಸುಬ್ಬಪ್ಪ ಅಂಗಡಿಯ ಹಿಂದೆ ಹೋಗಿ ನಿಲ್ಲುತ್ತಿದ್ದರು. ಹದಿನಾರು ವರ್ಷದಲ್ಲಿ ಇಬ್ಬರ ನಡುವೆ ಒಂದು ಮಾತೂ ಆಗಲಿಲ್ಲ. ಸಾವಿರಾರು ಕನ್ನಡಿ ಬಿಚ್ಚಿದ ಮನುಷ್ಯನಿಗೆ ಅವರ ಮುಖಕ್ಕೆ ಮುಖ ಕೊಡುವಷ್ಟು ಧೈರ್ಯ ಬರಲಿಲ್ಲ. ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಹಿನ್ನೀರಿಗೆ ಕಟ್ಟಿದ ಸೇತುವೆ ತೆರೆದ ದಿನ ಊರಿಗೆ ಊರೇ ಹಬ್ಬ ಮಾಡಿತು. ಸುಬ್ಬಪ್ಪನವರೂ ಖುಷಿಪಟ್ಟರು. “ಇನ್ನು ಲಾಂಚೂ ಇಲ್ಲ, ಮಡಚೋದೂ ಇಲ್ಲ, ನನ್ನ ಕೆಲಸ ಮುಗೀತು ಅಂದ್ಕಂಡೆ” ಎನ್ನುತ್ತಾರೆ. ಚಹಾದಂಗಡಿಯ ವ್ಯಾಪಾರವೂ ಜೊತೆಗೇ ಮುಗಿದಿತ್ತು. ಇಬ್ಬರೂ ಸಾಗರಕ್ಕೆ ಬಂದು ಈ ಗೋದಾಮಿನ ಗೇಟಿನ ಪಕ್ಕ ಒಲೆ ಹೂಡಿದರು. ಮೊದಲ ದಿನವೇ ಸುಬ್ಬಪ್ಪ ಎಣಿಸಿದರು. ಹದಿನಾಲ್ಕು ಗಾಡಿಗಳಲ್ಲಿ ಒಂಬತ್ತರ ಎಡಗಡೆ ಕನ್ನಡಿ ಮಡಚಿಕೊಂಡೇ ಇತ್ತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ನಿಟ್ಟೂರಿನ ದಾರಿಯಿರಲಿ, ತೀರ್ಥಹಳ್ಳಿಯ ಒಳರಸ್ತೆಗಳಿರಲಿ, ಮಳೆಗಾಲ ಕಳೆದದ್ದೇ ಎರಡೂ ಕಡೆಯ ಪೊದೆ, ಮಟ್ಟಿ ರಸ್ತೆಗೆ ಬಾಗುತ್ತದೆ. ಎದುರಿನ ಗಾಡಿಗೆ ದಾರಿ ಬಿಡಲು ಎಡಕ್ಕೆ ಸರಿದರೆ ಬಿದಿರಿನ ಕೊಂಬೆ ಕನ್ನಡಿಗೆ ಬಡಿದು ಚೂರು ಮಾಡುತ್ತದೆ. ಒಡೆದರೆ ಚಾಲಕನೇ ಕಟ್ಟಿಕೊಡಬೇಕು. ಹಾಗಾಗಿ ಮೊದಲೇ ಮಡಚಿಟ್ಟುಬಿಡುತ್ತಾರೆ. ಹಿಂದೆ ಪಕ್ಕದಲ್ಲಿ ಕ್ಲೀನರ್ ಕೂತು ಎಡಗಡೆ ನೋಡಿ ಹೇಳುತ್ತಿದ್ದ. ಈಗಿನ ಡೆಲಿವರಿ ಗಾಡಿಯಲ್ಲಿ ಚಾಲಕ ಒಬ್ಬನೇ. ಅವನ ಪಕ್ಕದ ಸೀಟಿನಲ್ಲೂ ಪಾರ್ಸೆಲ್ಲು.

ಸುಬ್ಬಪ್ಪ ಒಂದು ವಾರ ತಲೆ ಕೆಡಿಸಿಕೊಂಡರು. ಕೊನೆಗೆ ಗುಜರಿಯಿಂದ ಹಳೆಯ ಸೈಕಲ್ಲಿನ ಕ್ಯಾರಿಯರ್ ತಂದರು. ಹಿಂದೆ ಸಾಮಾನಿಟ್ಟರೆ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದಲ್ಲ, ಆ ಸ್ಪ್ರಿಂಗನ್ನು ಕಳಚಿ ಕನ್ನಡಿಯ ಕೈಗೆ ಕೂರಿಸಿದರು. ಕೊಂಬೆ ತಾಗಿದರೆ ಕನ್ನಡಿ ತಾನಾಗಿ ಹಿಂದಕ್ಕೆ ಬಾಗುತ್ತದೆ, ಕೊಂಬೆ ದಾಟಿದ ಮೇಲೆ ತಾನಾಗಿ ಮುಂದಕ್ಕೆ ಬರುತ್ತದೆ. ಬಿಚ್ಚಲು ಯಾರೂ ಬೇಡ. ಮೊದಲ ಮೂರು ಸ್ಪ್ರಿಂಗು ಹೊಸನಗರ ಮುಟ್ಟುವುದರೊಳಗೆ ಕಿತ್ತುಬಂದವು. ನಾಲ್ಕನೆಯದು ನಿಂತಿತು. ಈವರೆಗೆ ಮೂರೂ ತಾಲ್ಲೂಕು ಸೇರಿ ನೂರಾ ಅರವತ್ತೆರಡು ಗಾಡಿಗಳಿಗೆ ಈ ಕೈ ಕೂತಿದೆ. ಸಾಮಾನಿನ ಖರ್ಚು ಬಿಟ್ಟು ಅವರು ಏನೂ ಕೇಳುವುದಿಲ್ಲ, ಯಾರಾದರೂ ಹೆಚ್ಚು ಕೊಡಲು ಬಂದರೆ ಮೀನಾಕ್ಷಮ್ಮನ ಚಹಾ ಕುಡಿದು ಹೋಗಿ ಎನ್ನುತ್ತಾರೆ.

ಗೋದಾಮಿನ ಉಸ್ತುವಾರಿ ಶಿಲ್ಪಶ್ರೀಯವರದು. ಯಾವ ಗಾಡಿ ಎಷ್ಟಕ್ಕೆ ಹೊರಡಬೇಕು ಎಂಬುದು ಅವರ ಕಂಪ್ಯೂಟರಿನಲ್ಲಿರುತ್ತದೆ. “ಮೊದಮೊದಲು ನಂಗೆ ಭಾರಿ ಕಿರಿಕಿರಿ. ಇವರ ಕುರ್ಚಿ ಆಟದಲ್ಲಿ ದಿನಾ ಹತ್ತು ನಿಮಿಷ ಲೇಟು. ಒಂದಿನ ನನ್ನನ್ನೇ ಗಾಡಿ ಹತ್ತಿಸಿ ಎಂತ ಕಾಣ್ತು ಮೇಡಂ ಅಂದ್ರು. ಎಂತದೂ ಇಲ್ಲ ಅಂದೆ. ಇಳಿದು ನೋಡಿದ್ರೆ ಪಕ್ಕದಲ್ಲಿ ನನ್ನದೇ ಸ್ಕೂಟಿ ನಿಂತಿತ್ತು” ಎಂದು ನಗುತ್ತಾರೆ. ಮರುದಿನದಿಂದ ಹೊರಡುವ ಸಮಯವನ್ನು ಹತ್ತು ನಿಮಿಷ ಮುಂದೆ ಹಾಕಿದರು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸುಬ್ಬಪ್ಪನವರಿಗೆ ಲೆಕ್ಕ ತಾಳೆಯಾಗಲಿಲ್ಲ. ಅವರು ಒಂದು ಗಾಡಿಗೆ ಕನ್ನಡಿ ಕೂರಿಸುವಷ್ಟರಲ್ಲಿ ಹೊರಗಿನಿಂದ ಮೂರು ಹೊಸ ಗಾಡಿ ಬರುತ್ತವೆ. “ನಾ ಎಷ್ಟಂತ ಓಡಾಡಲಿ? ಗಾಡಿಗೆ ಕನ್ನಡಿ ಬೇಕು ಅಂತ ಕಾನೂನು ಮೊದ್ಲಿಂದ್ಲೂ ಇದೆ. ಇದ್ದ ಕನ್ನಡಿ ಮಡಚಿಟ್ಕಂಡ್ರೆ ಕೇಳೋರು ಯಾರು?” ಒಂದೆರಡು ಕಚೇರಿಗೆ ಅರ್ಜಿ ಹಿಡಿದು ಅಲೆದರು. ಕಾನೂನು ಮಾಡುವುದು ನಿಮ್ಮಿಂದ ನಮ್ಮಿಂದ ಆಗುವ ಕೆಲಸವಲ್ಲ ಎಂದರು ಅಲ್ಲಿಯ ಅಧಿಕಾರಿಗಳು. ಊರಿನ ಮಟ್ಟಿಗಾದರೂ ಆಗಲಿ ಎಂದು ತಮ್ಮ ಹಳ್ಳಿಯ ಗ್ರಾಮ ಪಂಚಾಯಿತಿಗೆ ಗೆರೆ ಹಾಳೆಯಲ್ಲಿ ಎರಡೇ ವಾಕ್ಯ ಬರೆದುಕೊಟ್ಟರು. ನಮ್ಮ ಪಂಚಾಯಿತಿಯೊಳಗೆ ಸಾಮಾನು ಇಳಿಸುವ ಗಾಡಿಗಳ ಎಡಗಡೆ ಕನ್ನಡಿ ಬಿಚ್ಚಿರಬೇಕು. ಮೂರು ತಿಂಗಳಲ್ಲಿ ಗುಂಡು ಕನ್ನಡಿ ಹಾಕಿಸಿರಬೇಕು.

ಹಿಂದಿನ ಗ್ರಾಮಸಭೆಯಲ್ಲಿ ಅದು ಚರ್ಚೆಗೆ ಬಂತು. ಸದಸ್ಯ ರಾಜೇಂದ್ರ ಎದ್ದು ನಿಂತರು. ಎರಡು ಸರಕಿನ ಗಾಡಿ ಇಟ್ಟುಕೊಂಡಿರುವವರು, ಮಟ್ಟಿಗೆ ಕನ್ನಡಿ ಒಡೆಯುವ ನೋವು ಬಲ್ಲವರು. ಮಾತು ಕಾವೇರಿದಾಗ ಅವರ ಬಾಯಿಂದ ಒಂದು ವಾಕ್ಯ ಬಂತು. “ಇವರೊಬ್ರ ಗಾಡಿ ಮಾಡಿದ ತಪ್ಪಿಗೆ ಊರವ್ರೆಲ್ಲ ಯಾಕೆ ಕನ್ನಡಿ ಹಾಕ್ಬೇಕು? ಪ್ರಾಯಶ್ಚಿತ್ತ ಇವರೇ ಮಾಡ್ಕಳ್ಳಲಿ.” ಸುಬ್ಬಪ್ಪ ಚೀಲ ಎತ್ತಿಕೊಂಡು ಹೊರಗೆ ನಡೆದರು. ಅರ್ಜಿ ಮುಂದಿನ ಸಭೆಗೆ ಹೋಯಿತು. ಆಮೇಲೆ ಎಂಟು ದಿನ ಅವರು ಕುರ್ಚಿ ಹೊರಲಿಲ್ಲ. ಚಾಲಕರು ಕೇಳಿದರೆ ಮೈಗೆ ಹುಷಾರಿಲ್ಲ ಎಂದರು.

“ಅವ್ರು ಹೇಳಿದ್ದೇ ಸರಿಯೇನೋ ಅಂತ ಇವ್ರಿಗೆ ಹೊಕ್ಬಿಟ್ಟಿತ್ತು” ಎನ್ನುತ್ತಾರೆ ಮೀನಾಕ್ಷಮ್ಮ. ಒಂಬತ್ತನೇ ದಿನ ಗಂಡನಿಗೆ ಹೇಳದೆ ಅವರು ಬಸ್ಸು ಹತ್ತಿದರು, ಸೇತುವೆ ದಾಟಿ ಶರಾವತಿಯವರ ಅಂಗನವಾಡಿಗೆ ಹೋದರು. “ಮಕ್ಕಳು ಊಟಕ್ಕೆ ಕೂತಿದ್ವು. ಬಾಗಿಲಲ್ಲಿ ನಿಂತವಳಿಗೆ ಬರೀ ಅಳು. ಅಕ್ಕೋರು ನನ್ನ ಕೈಗೆ ಸೌಟು ಕೊಟ್ಟು, ಮೊದ್ಲು ಮಕ್ಕಳಿಗೆ ಬಡಿಸಿ, ಆಮೇಲೆ ಮಾತಾಡಣ ಅಂದ್ರು.” ಬಡಿಸಿ ಮುಗಿಸಿ ಎಲ್ಲ ಹೇಳಿಕೊಂಡರು. ಶರಾವತಿಯವರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಸಭೆ ಯಾವತ್ತು ಎಂದು ಮಾತ್ರ ಕೇಳಿದರು.

ಸಭೆ ಇದ್ದದ್ದು ಈ ಗುರುವಾರ. ಅವತ್ತೂ ಬೆಳಿಗ್ಗೆ ಸುಬ್ಬಪ್ಪ ಎಂದಿನಂತೆ ಗೋದಾಮಿಗೆ ಬರುತ್ತಾರೆ. ಮುಖದಲ್ಲಿ ಕಳೆಯಿಲ್ಲ. ಈ ಸಲವೂ ಅರ್ಜಿ ಪಾಸಾಗದಿದ್ದರೆ ಇನ್ನು ಕೇಳುವುದಿಲ್ಲ ಎಂದು ರಾತ್ರಿಯೇ ಹೆಂಡತಿಗೆ ಹೇಳಿಯಾಗಿದೆ. ಶ್ಯಾಮನ ಗಾಡಿಯ ಪಕ್ಕ ಕುರ್ಚಿಯಿಟ್ಟು, ನೀಲಿ ಟವೆಲ್ಲು ಹಾಕಿ, ಸುತ್ತು ಬಂದು ಬಲಗಡೆಯ ಕಿಟಕಿಯಲ್ಲಿ ನಿಲ್ಲುತ್ತಾರೆ.

“ಎಂತ ಕಾಣ್ತು?”

ಶ್ಯಾಮ ಗುಂಡು ಕನ್ನಡಿ ನೋಡುತ್ತಾನೆ. ಕತ್ತು ಚಾಚಿ ಮತ್ತೊಮ್ಮೆ ನೋಡುತ್ತಾನೆ.

“ಬಣ್ಣ ಹೇಳು ಮಾರಾಯ.”

“ಟವೆಲ್ಲು ಕಾಣ್ತಿಲ್ಲ ಅಣ್ಣ. ಅಕ್ಕೋರು ಒಬ್ರು ಕೂತಿದಾರೆ.”

ಸುಬ್ಬಪ್ಪ ಗಾಡಿಯ ಮುಂದಿನಿಂದ ಬಳಸಿ ಬರುತ್ತಾರೆ. ಗಿಡ್ಡ ಕುರ್ಚಿಯಲ್ಲಿ, ಕೃತಕ ಕಾಲನ್ನು ಉದ್ದಕ್ಕೆ ಚಾಚಿ, ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಶರಾವತಿಯವರು ಕೂತಿದ್ದಾರೆ. ಹಿಂದಿನ ದಿನವೇ ಸಾಗರಕ್ಕೆ ಬಂದು ಅಕ್ಕನ ಮನೆಯಲ್ಲಿ ಉಳಿದಿದ್ದರಂತೆ. ಕಿವಿಯಲ್ಲಿ ಫೋನು. “ಎಂತದೂ ಇಲ್ಲೆ, ಸಂಜೆಗೆ ಬತ್ತೆ” ಎಂದು ಮನೆಯವರಿಗೆ ಹೇಳಿ ಫೋನು ಇಡುತ್ತಾರೆ. ಈ ಸಲ ಹೋಗಿ ನಿಲ್ಲಲು ಸುಬ್ಬಪ್ಪನವರಿಗೆ ಅಂಗಡಿಯ ಹಿಂಬದಿ ಇಲ್ಲ. ಅಲ್ಲೇ ನಿಲ್ಲುತ್ತಾರೆ, ಕೈಯಲ್ಲಿದ್ದ ಸ್ಪ್ಯಾನರನ್ನು ಎಲ್ಲಿಡುವುದೆಂದು ಗೊತ್ತಾಗದೆ.

“ಎಂತ ಸುಬ್ಬಪ್ಪ, ಇದು ಕೂರೋ ಕುರ್ಚಿನಾ? ಏಳೋಕಾಗೂದಿಲ್ಲ ಇದರಿಂದ” ಎನ್ನುತ್ತಾರೆ ಶರಾವತಿ. ಹದಿನಾರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಗೇಟಿನ ಹತ್ತಿರ ನಿಂತ ಮೀನಾಕ್ಷಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಒಲೆಯ ಕಡೆ ತಿರುಗುತ್ತಾರೆ.

“ಕನ್ನಡಿ ಮಡಚಿ ಒಂದ್ಸಲ ಕೇಳಿ. ನಾ ಇಲ್ಲೇ ಕೂತಿರ್ತೆ” ಎನ್ನುತ್ತಾರೆ ಟೀಚರು. ಶ್ಯಾಮನ ಗಾಡಿಯ ಕನ್ನಡಿಯನ್ನು ಸುಬ್ಬಪ್ಪ ಕೈಯಿಂದ ಹಿಂದಕ್ಕೆ ಒತ್ತಿ ಹಿಡಿಯುತ್ತಾರೆ. ಒಳಗಿನಿಂದ ಶ್ಯಾಮನ ದನಿ, ಎಂತದೂ ಇಲ್ಲ. ಇನ್ನೆರಡು ಗಾಡಿ ಬಂದು ಅದೇ ಜಾಗದಲ್ಲಿ ನಿಲ್ಲುತ್ತವೆ. ಅವರಿಗೂ ಮಡಚಿದಾಗ ಎಂತದೂ ಇಲ್ಲ, ಬಿಚ್ಚಿದಾಗ ಅಕ್ಕೋರು. ಶರಾವತಿಯವರು ಮೂವರನ್ನೂ ಹೆಸರು ಕೇಳಿ, ಯಾವ ಊರು ಎಂದು ವಿಚಾರಿಸಿ ಕಳಿಸುತ್ತಾರೆ, ಅಂಗನವಾಡಿಗೆ ಹೊಸದಾಗಿ ಬಂದ ಮಕ್ಕಳನ್ನು ವಿಚಾರಿಸುವ ಹಾಗೆ.

ಹನ್ನೊಂದು ಗಂಟೆಗೆ ಸಭೆ. ಪಂಚಾಯಿತಿಯ ಹೊಸ ಕಟ್ಟಡದ ಸಭಾಂಗಣ, ಎಂಬತ್ತು ತೊಂಬತ್ತು ಜನ. ಹದಿನೇಳನೇ ವಿಷಯವಾಗಿ ಕನ್ನಡಿಯ ಅರ್ಜಿ ಬಂದಾಗ ಊಟದ ಹೊತ್ತು, ಅರ್ಧ ಜನ ಎದ್ದು ನಿಂತಿದ್ದಾರೆ. ರಾಜೇಂದ್ರ ಹಿಂದಿನ ಮಾತನ್ನೇ ಸ್ವಲ್ಪ ಮೆತ್ತಗೆ ಹೇಳುತ್ತಾರೆ, ಒಬ್ಬರ ತಪ್ಪಿಗೆ ಊರಿಗೆಲ್ಲ ನಿಯಮ ಮಾಡುವುದು ಸರಿಯಲ್ಲ ಎಂದು. ಆಗ ಹಿಂದಿನ ಬೆಂಚಿನಿಂದ ಊರುಗೋಲು ನೆಲಕ್ಕೆ ತಾಗಿದ ಸದ್ದು. ಶರಾವತಿಯವರು ಏಳಲು ತಡವಾಗುತ್ತದೆ. ಎದ್ದು ನಿಂತವರೆಲ್ಲ ಅಷ್ಟರಲ್ಲಿ ಕೂತಿದ್ದಾರೆ.

“ತಪ್ಪು ಇವರೊಬ್ರದೇ ಆಗಿದ್ರೆ, ಇವರು ಗಾಡಿ ಬಿಟ್ಟ ದಿನವೇ ಅದು ಮುಗೀಬೇಕಿತ್ತು. ಇವತ್ತು ಬೆಳಿಗ್ಗೆ ನಾ ಸಾಗರದಲ್ಲಿ ಇವರ ಗಿಡ್ಡ ಕುರ್ಚಿಲಿ ಮೂರು ಗಾಡಿ ಪಕ್ಕ ಕೂತಿದ್ದೆ. ಕನ್ನಡಿ ಮಡಚಿದಾಗ ಮೂರೂ ಜನಕ್ಕೆ ನಾ ಕಾಣ್ಲಿಲ್ಲ. ಮೂರೂ ಜನ ಒಳ್ಳೆ ಹುಡುಗ್ರೇ. ನಂಗೆ ಹೋದ ಕಾಲು ಬರೋದಿಲ್ಲ ರಾಜೇಂದ್ರಣ್ಣ. ಆದ್ರೆ ನನ್ನ ಅಂಗನವಾಡಿಲಿ ಹತ್ತೊಂಬತ್ತು ಮಕ್ಕಳಿದ್ದ. ಅವೆಲ್ಲ ಆ ಕುರ್ಚಿಲಿ ಕೂತ ನಂಗಿಂತ ಎತ್ತರ ಇಲ್ಲೆ.”

ಮಾತಿನ ಕೊನೆಗೆ ಮನೆಯಲ್ಲಾಡುವ ಕನ್ನಡವೇ ಬಂದದ್ದು ಅವರಿಗೂ ಗೊತ್ತಾಗುವುದಿಲ್ಲ. ರಾಜೇಂದ್ರ ತಲೆ ತಗ್ಗಿಸಿ ಕೂತಿದ್ದವರು ಎದ್ದು, ಹಿಂದಿನ ಸಭೆಯಲ್ಲಿ ತಾವು ಹಾಗೆ ಹೇಳಬಾರದಿತ್ತು ಎನ್ನುತ್ತಾರೆ. ಆದರೂ ಮಟ್ಟಿಯ ಮಾತು ಬಿಡುವುದಿಲ್ಲ, ವರ್ಷಕ್ಕೆ ಎರಡು ಸಲ ರಸ್ತೆಯ ಬದಿ ಕಡಿಸುವುದೂ ನಿರ್ಣಯದಲ್ಲಿ ಸೇರಲಿ ಎಂದು ಪಟ್ಟು ಹಿಡಿಯುತ್ತಾರೆ. ಸುಬ್ಬಪ್ಪನವರಿಗೆ ಅದಕ್ಕಿಂತ ಬೇರೆ ಸಂತೋಷ ಬೇಕೆ? ಮೂರು ವಾಕ್ಯಗಳ ನಿರ್ಣಯ ಕೈಯೆತ್ತಿ ಅಂಗೀಕಾರವಾಗುತ್ತದೆ. ಮೊದಲು ಎತ್ತಿದ ಕೈ ರಾಜೇಂದ್ರರದು.

ದೊಡ್ಡ ಕಾನೂನೇನಲ್ಲ ಇದು. ಪಂಚಾಯಿತಿಯ ಗಡಿ ದಾಟಿದರೆ ಮತ್ತೆ ಕನ್ನಡಿ ಮಡಚಿಕೊಂಡು ಹೋಗಲು ಅಡ್ಡಿಯಿಲ್ಲ. ಅದು ಸುಬ್ಬಪ್ಪನವರಿಗೂ ಗೊತ್ತು. “ಒಂದು ಪಂಚಾಯ್ತಿ ಆಯ್ತು. ಹೊಸನಗರದವ್ರು, ತೀರ್ಥಳ್ಳಿಯವ್ರು ಇದನ್ನೇ ನೋಡಿ ಬರ್ಕಳ್ಳಲಿ. ಅಕ್ಷರ ಬದಲು ಮಾಡೋದೂ ಬ್ಯಾಡ, ಊರ ಹೆಸರು ಬದಲು ಮಾಡಿದ್ರೆ ಸಾಕು” ಎಂದು ನಿರ್ಣಯದ ಜೆರಾಕ್ಸ್ ಪ್ರತಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಸ್ಪ್ಯಾನರಿನ ಪಕ್ಕದಲ್ಲಿ ಇಪ್ಪತ್ತು ಪ್ರತಿ.

ಹೊರಗೆ ಬಂದಾಗ ಶ್ಯಾಮನ ಗಾಡಿ ಪಂಚಾಯಿತಿಯ ಮೆಟ್ಟಿಲಿಗೆ ಎಡಮಗ್ಗುಲಾಗಿ ನಿಂತಿದೆ. ಪಾರ್ಸೆಲ್ ಕೊಡಲು ಒಳಗೆ ಹೋಗಿದ್ದಾನೆ. ಶರಾವತಿಯವರು ಕೆಳಗಿನ ಮೆಟ್ಟಿಲಿನ ಮೇಲೆ, ಮುಂದಿನ ಚಕ್ರದ ಪಕ್ಕದಲ್ಲೇ ಕೂತು, ಸಭಾಂಗಣದ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಮೀನಾಕ್ಷಮ್ಮನ ಕೈಯಿಂದ ಇಸಿದುಕೊಳ್ಳುತ್ತಾರೆ.

“ಊರವ್ರನ್ನೆಲ್ಲ ಹತ್ತಿಸಿ ಕೇಳ್ತ್ರಲ್ಲ. ಇವತ್ತು ನೀವು ಹತ್ತಿ ಸುಬ್ಬಪ್ಪ.”

“ಬ್ಯಾಡ ಅಕ್ಕೋರೆ.”

“ಗಾಡಿ ಬಿಡಿ ಅಂತ ಯಾರು ಹೇಳಿದ್ರು? ಬರೀ ಕೂತ್ಕಳಿ.”

ಸುಬ್ಬಪ್ಪ ಹೆಂಡತಿಯ ಮುಖ ನೋಡುತ್ತಾರೆ. ಮೀನಾಕ್ಷಮ್ಮ ಅವರ ಕೈಯ ಚೀಲ ತೆಗೆದುಕೊಳ್ಳುತ್ತಾರೆ. ಬಲಗಡೆಗೆ ಸುತ್ತಿ ಹೋಗಿ, ಬಾಗಿಲು ತೆಗೆದು, ಹದಿನಾರು ವರ್ಷದ ಮೇಲೆ ಸುಬ್ಬಪ್ಪ ಚಾಲಕನ ಸೀಟಿಗೆ ಹತ್ತುತ್ತಾರೆ. ಕಾಲಿಗೆ ಮೆಟ್ಟಿಲು ಇನ್ನೂ ನೆನಪಿದೆ. ಸ್ಟಿಯರಿಂಗನ್ನು ಮುಟ್ಟುವುದಿಲ್ಲ, ಎರಡೂ ಕೈ ತೊಡೆಯ ಮೇಲೇ ಇವೆ. ಕೆಳಗಿನಿಂದ ಶರಾವತಿಯವರ ದನಿ ಬರುತ್ತದೆ.

“ಕಾಣ್ತಾ?”

ಸುಬ್ಬಪ್ಪನವರ ಕಣ್ಣು ತುಂಬಿದೆ, ಒರೆಸಿಕೊಂಡು ಮತ್ತೆ ಗುಂಡು ಕನ್ನಡಿ ನೋಡುತ್ತಾರೆ.

“ಕಾಣ್ತು ಅಕ್ಕೋರೆ.”

“ಎಂತ ಕಾಣ್ತು?”

“ನೀವು ಬಗ್ಗಿ ಚಪ್ಪಲಿ ಪಟ್ಟಿ ಹಾಕ್ಕಳ್ತಿದೀರಿ” ಎನ್ನುತ್ತಾರೆ ಸುಬ್ಬಪ್ಪ. “ನಿಧಾನಕ್ಕೆ ಹಾಕ್ಕಳಿ.”